ಖಾಲಿ ಸೈಟಿನ ಬೆಂಕಿ

ಬೆಳಿಗ್ಗೆ ಕಸದ ಗಾಡಿಯ ಹಾಡು ನಮ್ಮ ಬೀದಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಗಾಡಿ ಮಾತ್ರ ಬರುವುದಿಲ್ಲ. ಬೀದಿ ಶುರುವಾಗುವ ತಿರುವಿನಲ್ಲಿ ಚರಂಡಿಯ ಮೇಲೆ ಹಾಸಿದ್ದ ಚಪ್ಪಡಿ ಬಹಳ ಹಿಂದೆಯೇ ಮುರಿದಿದೆ. ಅದರ ಮೇಲೆ ಬೈಕು ಹೋಗುತ್ತದೆ, ಸೈಕಲ್ಲು ಹೋಗುತ್ತದೆ. ಗಾಡಿ ಹೋದರೆ ಹಿಂದಿನ ಚಕ್ರ ಸಿಕ್ಕಿಕೊಳ್ಳುತ್ತದೆ ಎಂದು ಡ್ರೈವರು ಹೇಳುತ್ತಾನೆ. ಒಮ್ಮೆ ಸಿಕ್ಕಿಕೊಂಡದ್ದೂ ನಿಜ. ಅಂದು ಬೀದಿಯವರೇ ಸೇರಿ ಎತ್ತಿದ್ದೆವು. ಆಮೇಲೆ ಆತ ತಿರುವಿನಲ್ಲೇ ನಿಲ್ಲಿಸಿ, ಹಾಡು ಒಂದು ಸುತ್ತು ಮುಗಿಯುವವರೆಗೆ ಕಾದು ಹೊರಟುಬಿಡುತ್ತಾನೆ.

ಆ ಹಾಡು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದು ಕಷ್ಟ. ಗಾಡಿ ಹಿಂದಿನ ಬೀದಿಯಲ್ಲಿದ್ದರೂ ನಮ್ಮ ತಿರುವಿನಲ್ಲಿ ನಿಂತ ಹಾಗೆ ಕೇಳುತ್ತದೆ. ಒಲೆಯ ಮೇಲೆ ಹಾಲಿಟ್ಟವರು ಅದನ್ನು ಇಳಿಸಿ ಬಕೆಟ್ಟು ಹಿಡಿದು ಓಡುತ್ತಾರೆ. ಹೋಗಿ ನೋಡಿದರೆ ಗಾಡಿ ಇರುವುದಿಲ್ಲ. ವಾಪಸು ಬಂದು ಹಾಲನ್ನು ಮತ್ತೆ ಒಲೆಗಿಡುವ ಹೊತ್ತಿಗೆ ಅದು ಬಂದು ಹೋಗಿರುತ್ತದೆ. "ಇವತ್ತು ಗಾಡಿ ಬಂದಿತ್ತೇನ್ರೀ?" ಎಂದು ಕೇಳಿದರೆ "ಬಂದಿತ್ತಂತ್ರೀ" ಎಂಬ ಉತ್ತರ ಬರುತ್ತದೆ. ಬಂದದ್ದನ್ನು ತಾನೇ ನೋಡಿದೆ ಎನ್ನುವವರು ನಮ್ಮಲ್ಲಿ ಕಡಿಮೆ.

ಸೊರಬದಲ್ಲಿರುವ ನನ್ನ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದರೆ ಅವಳು ನಗುತ್ತಾಳೆ. "ನಿಮ್ಮಲ್ಲಿ ಹಾಡಾದ್ರೂ ಕೇಳ್ತದೆ ಕಣೇ, ನಮ್ಮ ಬೀದಿಗೆ ಅದೂ ಇಲ್ಲ. ಬಸ್ ಸ್ಟ್ಯಾಂಡಿಗೆ ಹೋಗುವಾಗ ಕೈಚೀಲದ ಜೊತೆ ಕಸದ ಚೀಲಾನೂ ಹಿಡ್ಕಂಡು ಹೋಗ್ತೀನಿ, ದಾರೀಲಿ ಎಲ್ಲಾದ್ರೂ ಗಾಡಿ ಸಿಕ್ರೆ ಹಾಕಾಣ ಅಂತ. ಒಂದಿನ ಮರೆತು ಆ ಚೀಲ ಹಿಡ್ಕಂಡೇ ಜಡೆ ಊರಿಗೆ ಹೋಗೋ ಬಸ್ಸು ಹತ್ತಿದ್ದೆ. ಪಕ್ಕದ ಸೀಟಿನವ್ರು ಕೇಳಿದ್ರು, ಮೀನೇನ್ರೀ ಅಂತ."

ನಾನು ಬಟ್ಟೆ ಹೊಲಿಯುತ್ತೇನೆ. ತವರು ಸೊರಬದ ಹತ್ತಿರದ ಉಳವಿ ಕಡೆ. ಮದುವೆಯಾಗಿ ಶಿಕಾರಿಪುರಕ್ಕೆ ಬಂದು ಮಕ್ಕಳು ದೊಡ್ಡವರಾಗುವಷ್ಟು ಕಾಲವಾಯಿತು. ಮೊದಲು ಪೇಟೆಯ ಒಳಗೆ ಬಾಡಿಗೆಗಿದ್ದೆವು. ಆಮೇಲೆ ಊರಿನ ಅಂಚಿನಲ್ಲಿ, ಹೊಲವನ್ನು ಸೈಟು ಮಾಡಿ ಮಾರಿದ ಕಡೆ ಮನೆ ಕಟ್ಟಿಸಿದೆವು. ಹೊಲಿಗೆ ಮೆಷಿನ್ನು ಬೀದಿಯ ಕಡೆಯ ಕಿಟಕಿಯ ಪಕ್ಕದಲ್ಲಿದೆ, ಬೆಳಕು ಅಲ್ಲಿ ಹೆಚ್ಚು. ಇಡೀ ದಿನ ಅಲ್ಲೇ ಕೂರುವುದರಿಂದ ಬೀದಿಯಲ್ಲಿ ನಡೆಯುವುದು ಸ್ವಲ್ಪ ಕಣ್ಣಿಗೆ ಬೀಳುತ್ತದೆ. ಸ್ವಲ್ಪ ಎಂದು ಯಾಕೆ ಹೇಳುತ್ತೇನೆಂದರೆ, ಕಣ್ಣು ಹೆಚ್ಚು ಹೊತ್ತು ಸೂಜಿಯ ಮೇಲೇ ಇರುತ್ತದೆ. ತಲೆ ಎತ್ತಿದಾಗ ಕಂಡದ್ದು ಮಾತ್ರ ನಾನು ಕಂಡದ್ದು. ನಡುವೆ ನಡೆದದ್ದನ್ನು ನಾನು ಊಹಿಸಬಹುದು, ಅಷ್ಟೆ. ಇವೆರಡರ ನಡುವಿನ ಅಂತರ ಇಷ್ಟು ದೊಡ್ಡದು ಎಂದು ಹೋದ ದೀಪಾವಳಿಯವರೆಗೆ ನನಗೆ ಗೊತ್ತಿರಲಿಲ್ಲ.

ಕಿಟಕಿಯಿಂದ ನೇರ ಕಾಣುವುದು ಒಂದು ಖಾಲಿ ಸೈಟು. ಅದರ ಎಡಕ್ಕೆ ಎದುರುಮನೆಯ ಅಜ್ಜಿಯ ಮನೆ. ಬಲಕ್ಕೆ ಹಾಲು ಮಾರುವವರ ಮನೆ, ಅವರ ಕೊಟ್ಟಿಗೆ. ಈ ಬೀದಿಯೆಲ್ಲ ಒಂದು ಕಾಲಕ್ಕೆ ಅಜ್ಜಿಯ ಮನೆಯವರ ಹೊಲ. ಸೈಟು ಇರುವ ಜಾಗದಲ್ಲಿ ಅವರ ತಿಪ್ಪೆ ಇತ್ತು. ದನದ ಸಗಣಿ, ಕೊಟ್ಟಿಗೆ ಬಳಿದ ಹುಲ್ಲು, ಒಲೆಯ ಬೂದಿ ಎಲ್ಲ ಅಲ್ಲಿಗೆ ಬೀಳುತ್ತಿತ್ತು. ಬೇಸಿಗೆಯಲ್ಲಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ಆಮೇಲೆ ಹೊಲ ಸೈಟುಗಳಾಯಿತು. ದನಗಳನ್ನು ಮಾರಿದರು. ತಿಪ್ಪೆಯ ಜಾಗವನ್ನು ಕೊಂಡವರು ದಾವಣಗೆರೆಯವರು, ಕಲ್ಲು ನೆಟ್ಟು ಹೋದವರು ಮತ್ತೆ ಬರಲಿಲ್ಲ.

ಗಾಡಿ ತಪ್ಪಿಸಿಕೊಂಡವರು ಕಸವನ್ನು ಎಲ್ಲಿ ಹಾಕಬೇಕು? ಮೊದಲ ಚೀಲವನ್ನು ಯಾರು ಅಲ್ಲಿಟ್ಟರೋ ತಿಳಿಯದು. ಆ ನೆಲ ಸ್ವಲ್ಪ ತಗ್ಗಾಗಿ, ಕಪ್ಪಾಗಿ, ನೋಡಿದರೆ ಹಾಕಬಹುದು ಎನಿಸುವಂತಿತ್ತು. ಒಂದು ಚೀಲ ಇದ್ದಲ್ಲಿಗೆ ಇನ್ನೊಂದು ಬಂತು. ನಾನೂ ಹಾಕಿದ್ದೇನೆ. ಹೊಲಿಗೆಯ ಚೂರು ಬಟ್ಟೆ, ದಾರದ ಉಂಡೆ, ಪ್ಲಾಸ್ಟಿಕ್ ಕವರು. ವಾರಕ್ಕೊಮ್ಮೆ ಗಾಡಿಯ ಜೊತೆ ಬರುವ ಹೆಂಗಸು ತಿರುವಿನಿಂದ ನಡೆದು ಬಂದು, ಆಗುವಷ್ಟನ್ನು ದೊಡ್ಡ ಚೀಲಕ್ಕೆ ತುಂಬಿ ಎಳೆದುಕೊಂಡು ಹೋಗುತ್ತಿದ್ದಳು. ಅದು ಆಕೆಯ ಕೆಲಸವಲ್ಲ. ಗಾಡಿಗೆ ಕೊಟ್ಟದ್ದನ್ನು ತೆಗೆದುಕೊಳ್ಳುವುದಷ್ಟೇ ಆಕೆಯ ಕೆಲಸ.

ಆಕೆಗೆ ನಲವತ್ತರ ಆಸುಪಾಸು ಇರಬಹುದು. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಮನೆಯಲ್ಲಿದ್ದಾನೆ. ಆಕೆ ಇರುವುದು ಗುತ್ತಿಗೆಯ ಮೇಲೆ. ಒಮ್ಮೆ ನೀರು ಕೇಳಲು ಬಂದು ನಮ್ಮ ಜಗಲಿಯ ಮೇಲೆ ಕೂತಿದ್ದಾಗ ಹೇಳಿದ್ದಳು: "ಈ ಕೆಲ್ಸಕ್ಕೆ ಬಾಳ ದಿನ ಓಡಾಡೀನಿ ಅಕ್ಕಾರೆ. ಒಂದ್ಸಲ ತೆಗದ್ರು ಅಂದ್ರೆ ಮತ್ತೆ ಕರಿಯಂಗಿಲ್ಲ. ನನ್ನ ಹಿಂದೆ ಕಾಯ್ತಾ ಇರೋರು ಬಾಳ ಮಂದಿ ಅದಾರೆ."

ನಮ್ಮ ಕಡೆ ದೀಪಾವಳಿಗೆ ದೊಡ್ಡಹಬ್ಬ ಎನ್ನುತ್ತೇವೆ. ಪಾಡ್ಯದ ದಿನ ಸಂಜೆ ದೀಪ ಮನೆಯ ಬಾಗಿಲಿಗಷ್ಟೇ ಅಲ್ಲ. ಕೊಟ್ಟಿಗೆಗೆ, ಬಾವಿಗೆ, ಹೊಲದ ಬದುವಿಗೆ, ತಿಪ್ಪೆಗೆ ಎಲ್ಲ ಕಡೆಗೂ ಇಡಬೇಕು. ತಿಪ್ಪೆಗೆ ಇಡುವ ದೀಪಕ್ಕೆ ಸಗಣಿಯ ಉಂಡೆ ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಕ್ಕಿಸಿ, ಅದರ ಮೇಲೆ ಹಣತೆ ಕೂರಿಸುತ್ತಾರೆ. ಹೊಲಕ್ಕೆ ಬಲ ಕೊಡುವುದು ತಿಪ್ಪೆಯೇ ಆದ್ದರಿಂದ ಅದೂ ಲಕ್ಷ್ಮಿ. ತವರಿನಲ್ಲಿ ನಮ್ಮಮ್ಮ ಇಡುತ್ತಿದ್ದರು. ಇಲ್ಲಿ ಬೀದಿಯ ಬೇರೆ ಯಾರೂ ಇಡುವುದಿಲ್ಲ, ಹಾಲಿನವರ ತಿಪ್ಪೆಯೂ ದೂರದ ಅವರ ಹೊಲದಲ್ಲಿದೆ, ಬೀದಿಯಲ್ಲಿ ತಿಪ್ಪೆಯೇ ಇಲ್ಲವಲ್ಲ. ಅಜ್ಜಿ ಮಾತ್ರ ದನ ಮಾರಿದ ಮೇಲೂ ಬಿಟ್ಟಿರಲಿಲ್ಲ. ಜಾಗ ಅದೇ, ಹಬ್ಬ ಅದೇ. ಅಜ್ಜಿಗೆ ಅಷ್ಟು ಸಾಕಾಗಿತ್ತು.

ಹೋದ ವರ್ಷ ಹಬ್ಬದ ಮೊದಲು ಗಾಡಿ ಬರುವುದು ಪೂರ್ತಿ ನಿಂತಿತು. ಪೇಟೆಯಲ್ಲಿ ಹೂವು, ಬಾಳೆಕಂದು, ಕಬ್ಬಿನ ಸಿಪ್ಪೆ ರಾಶಿ ಬಿದ್ದಿದೆ, ಎಲ್ಲ ಗಾಡಿಗಳೂ ಅಲ್ಲೇ ಇವೆ ಎಂದು ಪುರಸಭೆಯ ಕಚೇರಿಗೆ ಫೋನು ಮಾಡಿದವರಿಗೆ ಹೇಳಿದರಂತೆ. ಮನೆ ತೊಳೆದು ಸುಣ್ಣ ಬಣ್ಣ ಮಾಡಿದವರ ಮನೆಯಿಂದ ಹಳೇ ಕಾಗದ, ಹರಿದ ಚಾಪೆ, ಹೊಸ ಟೀವಿಯ ಥರ್ಮೋಕೋಲು ಹೊರಗೆ ಬಂತು. ಎಲ್ಲವೂ ಖಾಲಿ ಸೈಟು ಸೇರಿತು. ಮಳೆ ನಿಂತು ಬಿಸಿಲು ಹುಟ್ಟಿತ್ತು. ಕವರುಗಳು ಗಾಳಿಗೆ ಹಾರಿ ಹಾಲಿನವರ ಬೇಲಿಗೆ ಸಿಕ್ಕಿಕೊಂಡವು. ಬೇಲಿಯ ಆಚೆ ಅವರ ಒಣಹುಲ್ಲಿನ ಬಣವೆ. ಆ ವರ್ಷದ ಭತ್ತ ಇನ್ನೂ ಕೊಯ್ಲಿಗೆ ಬಂದಿರಲಿಲ್ಲ. ಅಲ್ಲಿಯವರೆಗೆ ಅವರ ದನಗಳಿಗೆ ಇದ್ದ ಮೇವು ಅದೊಂದೇ.

ಪಾಡ್ಯದ ಮಧ್ಯಾಹ್ನ ಕಸದ ಗಾಡಿಯ ಆ ಹೆಂಗಸು ಬೀದಿಗೆ ಬಂದಳು. ಗಾಡಿ ಇರಲಿಲ್ಲ, ಕೈಯಲ್ಲಿ ಪೊರಕೆ ಇತ್ತು. ಹಬ್ಬದ ದಿನ ಪೇಟೆಯ ಕೆಲಸ ಮುಗಿಸಿ ತನ್ನ ಬೀದಿಗಳಿಗೆ ಬರುವುದು, ಮನೆಯವರು ಹೋಳಿಗೆಯನ್ನೋ ಒಂದು ಸೀರೆಯನ್ನೋ ಕೊಡುವುದು ವಾಡಿಕೆ. ನಾನು ಹೋಳಿಗೆ ಕಟ್ಟಿಕೊಟ್ಟೆ. ಆಕೆ ಅಜ್ಜಿಯ ಮನೆಗೆ ಹೋದಳು. ಜಗಲಿಯ ಮೇಲೆ ಕೂತಿದ್ದ ಅಜ್ಜಿಯ ಮಾತು ಕಿಟಕಿಗೆ ಕೇಳಿಸಿತು.

"ಯವ್ವಾ, ಸಂಜಿಗೆ ಅಲ್ಲಿ ದೀಪ ಇಡಬೇಕು. ಕಾಲಿಡಾಕೆ ಜಾಗ ಇಲ್ಲ ನೋಡು. ಒಂದೀಟು ಸರಿಮಾಡ್ತಿಯೇನು?"

"ಇದ್ರ ಮ್ಯಾಲೆ ದೀಪ ಇಡ್ತೀರಾ ಅಜ್ಜಿ? ಬ್ಯಾಡ ಬಿಡ್ರಿ, ಬಾಗಿಲಿಗೆ ಇಡ್ರಿ ಸಾಕು."

"ನಾ ಈ ಮನಿಗೆ ಬಂದಾಗಿಂದ ಇಟ್ಟೀನಿ. ಈಗ ನಿನ್ನ ಕೇಳಿ ಬಿಡ್ಲೇನು?"

ಆಕೆ ನಕ್ಕು, ಹರಡಿದ್ದನ್ನೆಲ್ಲ ಪೊರಕೆಯಿಂದ ಒಟ್ಟು ಮಾಡಿ ಬೇಲಿಯ ಕಡೆಗೆ ಗುಡ್ಡೆ ಹಾಕಿ, ಮುಂದೆ ಒಂದಿಷ್ಟು ನೆಲ ಬಿಡಿಸಿಕೊಟ್ಟು ಹೋದಳು. ಆಕೆ ಹೋದಾಗ ಅಲ್ಲಿ ಬೆಂಕಿ ಇರಲಿಲ್ಲ, ಹೊಗೆಯೂ ಇರಲಿಲ್ಲ. ಇದನ್ನು ನಾನು ಕಂಡಿದ್ದೇನೆ. ಅದಾದ ಮೇಲೆ ಸಂಜೆಯವರೆಗೂ ನಾನು ಮೆಷಿನ್ನಿನ ಮುಂದೆಯೇ ಇದ್ದೆ. ಅಜ್ಜಿಯ ಸೊಸೆ ತನ್ನ ತವರಿನ ಮದುವೆಗೆ ಬೇಕೆಂದು ಕೊಟ್ಟಿದ್ದ ರವಿಕೆಗಳನ್ನು ಮುಗಿಸಬೇಕಾಗಿತ್ತು.

ಕತ್ತಲಾಗುವ ಮೊದಲು, ಇನ್ನೂ ಮುಖ ಕಾಣುವ ಬೆಳಕಿನಲ್ಲಿ, ಅಜ್ಜಿ ತಟ್ಟೆ ಹಿಡಿದು ಹೊರಗೆ ಬಂದರು. ತಟ್ಟೆಯಲ್ಲಿ ಸಗಣಿಯ ಉಂಡೆ, ಹೂವು, ಹಚ್ಚಿದ ಹಣತೆ. ಇನ್ನೊಂದು ಕೈಯಿಂದ ದೀಪಕ್ಕೆ ಗಾಳಿ ಮರೆಮಾಡಿದ್ದರು. ಬಿಡಿಸಿದ ನೆಲದ ಮೇಲೆ ನಿಂತರು. ದೀಪವನ್ನು ಆ ನೆಲದ ಮೇಲೆ ಇಡುತ್ತಾರೆ ಎಂದುಕೊಂಡೆ. ಇಡಲಿಲ್ಲ. ಬಾಗಿ, ಗುಡ್ಡೆಯ ಮೇಲೆ, ಮಡಚಿದ ರಟ್ಟಿನ ಪೆಟ್ಟಿಗೆಯ ಮೇಲೆ ಉಂಡೆಯನ್ನು ಕೂರಿಸಿ ಹಣತೆ ಇಟ್ಟರು. ತಿಪ್ಪೆಯ ದೀಪ ತಿಪ್ಪೆಯ ಮೇಲೇ ಇರಬೇಕಲ್ಲ. ಕೈ ಮುಗಿದು ಒಳಗೆ ಹೋದರು. ನನಗೆ ಒಂದು ಕ್ಷಣ ಏನೋ ಅನಿಸಿತು. ಏನು ಎಂದು ಯೋಚಿಸುವಷ್ಟರಲ್ಲಿ ಒಳಗಿನಿಂದ ಮನೆಯವರು, "ನಮ್ಮ ದೀಪ ಯಾವಾಗ ಹಚ್ಚೋದು?" ಎಂದು ಕರೆದರು. ನಾನು ಎದ್ದುಹೋದೆ.

ಎರಡನೆಯ ಸಾಲಿನ ಹಣತೆಗೆ ಎಣ್ಣೆ ಹಾಕುತ್ತಿದ್ದಾಗ ವಾಸನೆ ಬಂತು. ಪಟಾಕಿಯ ವಾಸನೆ ಅಲ್ಲ, ಪ್ಲಾಸ್ಟಿಕ್ ಸುಡುವ ವಾಸನೆ, ಗಂಟಲನ್ನು ಹಿಡಿಯುವಂಥದ್ದು. ಹೊರಗೆ ಬಂದೆ. ಗುಡ್ಡೆ ಉರಿಯುತ್ತಿತ್ತು. ಕಪ್ಪು ಹೊಗೆ ನೆಲಕ್ಕೆ ಹತ್ತಿಕೊಂಡಂತೆ ಹರಿದು ಬೇಲಿಯ ಕಡೆಗೆ ಹೋಗುತ್ತಿತ್ತು. ಬೇಲಿಗೆ ಸಿಕ್ಕಿಕೊಂಡಿದ್ದ ಕವರುಗಳು ಒಂದೊಂದಾಗಿ ಕರಗಿ ಉರಿದು ಕೆಳಗೆ ತೊಟ್ಟಿಕ್ಕಿದವು. ಆಮೇಲೆ ಬಣವೆ ಹತ್ತಿಕೊಂಡಿತು. ಅದು ಹತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟು ದೊಡ್ಡ ಶಬ್ದವಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಹಾಲಿನವರು ಕೊಟ್ಟಿಗೆಗೆ ನುಗ್ಗಿ ದನಗಳ ಹಗ್ಗ ಬಿಚ್ಚಿದರು. ಹಬ್ಬಕ್ಕೆ ಕೊರಳಿಗೆ ಹೂವು ಕಟ್ಟಿದ್ದ ದನಗಳು ಬೀದಿಯಲ್ಲಿ ಓಡಿದವು. ನಮ್ಮ ಮನೆಯವರು ಪೈಪು ಎಳೆದು ಕೊಟ್ಟಿಗೆಯ ಹೆಂಚಿಗೆ ನೀರು ಬಿಟ್ಟರು. ಕೊಡ, ಬಕೆಟ್ಟು, ಕಸದ ಡಬ್ಬ, ಸಿಕ್ಕಿದ್ದರಲ್ಲಿ ಎಲ್ಲರೂ ನೀರು ತಂದು ಹಾಕಿದರು. ಕೊಟ್ಟಿಗೆ ಉಳಿಯಿತು. ಬಣವೆ ಉಳಿಯಲಿಲ್ಲ. ದನ, ಜನ ಯಾರಿಗೂ ಏನೂ ಆಗಲಿಲ್ಲ.  

ಮರುದಿನ ಬೆಳಿಗ್ಗೆ ಹಾಲಿನವರು ಬೂದಿಯ ಮುಂದೆ ನಿಂತಿದ್ದರು. ಅವರು ಒಳ್ಳೆಯವರು. ಯಾರ ಮನೆಯಲ್ಲಿ ಸಾವಾದರೂ ಮೊದಲು ಹಾಲು ತಂದಿಟ್ಟು, ಲೆಕ್ಕ ಕೇಳದೆ ಹೋಗುವವರು. ಆ ದಿನ ಅವರ ಮುಖ ನೋಡಲಾಗುತ್ತಿರಲಿಲ್ಲ. ಹಿಂದಿನ ಮಧ್ಯಾಹ್ನ ಕಸದ ಗಾಡಿಯ ಹೆಂಗಸು ಪೊರಕೆ ಹಿಡಿದು ಗುಡ್ಡೆ ಮಾಡಿದ್ದನ್ನು ಅವರು ಕಂಡಿದ್ದರು. ಕಸ ಹೊರುವ ಬದಲು ಗುಡ್ಡೆ ಮಾಡಿ ಬೆಂಕಿ ಕೊಡುವುದು ಊರಿನಲ್ಲಿ ಅಲ್ಲಲ್ಲಿ ನಡೆಯುತ್ತದೆ. ಹಾಗಾಗಿ ಅವರ ಮನಸ್ಸಿನಲ್ಲಿ ಅನುಮಾನವೇ ಇರಲಿಲ್ಲ. ಕಚೇರಿಗೆ ಫೋನು ಮಾಡಿದ್ದರು. ಕಸದ ಕೆಲಸದವರ ಮೇಲಿನ ಮೇಸ್ತ್ರಿ ಬೈಕಿನಲ್ಲಿ ಬಂದ. ಹಿಂದೆಯೇ ಆಕೆಯೂ ನಡೆದು ಬಂದಳು.

"ನಿನ್ನೆ ಗುಡ್ಡೆ ಮಾಡಿದ್ದು ನೀನೇ ತಾನೆ?" ಮೇಸ್ತ್ರಿ ಕೇಳಿದ.

"ನಾನೇ ಸಾರ್. ಬೆಂಕಿ ಹಾಕಿಲ್ಲ."

"ಗುಡ್ಡೆ ಮಾಡೋದು ಯಾಕೆ ಮತ್ತೆ? ಪೂಜೆ ಮಾಡಾಕಾ?" ಎಂದರು ಹಾಲಿನವರು.

"ಹೌದ್ರಿ, ಪೂಜೆಗೇ. ಅಜ್ಜಿ ದೀಪ ಇಡ್ತೀನಿ, ಸರಿಮಾಡು ಅಂದ್ರು. ಅವರನ್ನೇ ಕೇಳ್ರಿ."

ಹಾಲಿನವರ ಮುಖ ಕೆಂಪಾಯಿತು. "ಏನಂದಿ? ಹಬ್ಬದ ದೀಪದಿಂದ ಬೆಂಕಿ ಬಿತ್ತು ಅಂತೀಯಾ? ಬಾಯಿಗೆ ಹುಳ ಬೀಳ್ತತಿ. ಆ ಅಜ್ಜಿ ನನ್ನ ಎತ್ತಿ ಆಡಿಸ್ಯಾರೆ. ತಾನು ಕಡ್ಡಿ ಗೀರಿ ದೀಪದ ಮ್ಯಾಲೆ ಹಾಕ್ತಾಳೆ ನೋಡ್ರಿ ಇಕಿ!"

ಗೇಟಿನಲ್ಲಿ ನಿಂತಿದ್ದ ಅಜ್ಜಿಯ ಸೊಸೆ, "ನಮ್ಮತ್ತಿಗೆ ಎಂಬತ್ತು ದಾಟೈತಿ. ಹಬ್ಬದ ದಿನ ಮನಿ ಹೆಸ್ರು ತರಬ್ಯಾಡ ತಾಯಿ" ಎಂದಳು. ಅಲ್ಲಿ ನಿಂತಿದ್ದವರೆಲ್ಲ ತಲೆಯಾಡಿಸಿದರು. ಆ ತಲೆಯಾಡಿಸುವುದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ದೊಡ್ಡಹಬ್ಬದ ದೀಪ ಕೆಡುಕು ಮಾಡಿತು ಎಂದು ನಮ್ಮವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ವರ್ಷವಿಡೀ ಆ ಮಾತು ಮನೆಯ ಬಾಗಿಲಿನಲ್ಲಿ ನಿಂತಿರುತ್ತದೆ ಎಂಬ ಭಯ. ನನಗೂ ಆ ಭಯ ಇದೆ.

ಮೇಸ್ತ್ರಿ ಆಕೆಯ ಕಡೆ ತಿರುಗಿ ಮೆಲ್ಲಗೆ ಹೇಳಿದ, "ಕಸಕ್ಕೆ ಬೆಂಕಿ ಹಾಕಿದ್ರೆ ಅದೇ ದಿನ ಬಿಡಿಸ್ಬೇಕು ಅಂತ ಗುತ್ತಿಗೆದಾರ್ರು ಹೇಳಿದಾರೆ. ನಿಂಗೂ ಗೊತ್ತೈತಿ. ನಾಳೆಯಿಂದ ಬರಬ್ಯಾಡ."

ಆಕೆ ಅಳಲಿಲ್ಲ. ಪೊರಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. "ನಾ ಹಾಕಿಲ್ಲ ಸಾರ್" ಎಂದಳು. ಮತ್ತೆ ಅದನ್ನೇ ಹೇಳಿದಳು.

ನಾನು ಕಿಟಕಿಯ ಒಳಗಿದ್ದೆ. ಹೊರಗೆ ಹೋಗಿ ಹೇಳಬೇಕು ಎನ್ನುವುದರಲ್ಲಿ ಸಂಶಯ ಇರಲಿಲ್ಲ. ಏನು ಹೇಳಬೇಕು ಎನ್ನುವುದರಲ್ಲಿತ್ತು. ದೀಪದಿಂದ ಬೆಂಕಿ ಬಿತ್ತು ಎಂದು ನಾನು ಹೇಳುವ ಹಾಗಿರಲಿಲ್ಲ, ಅದನ್ನು ನಾನು ಕಂಡಿರಲಿಲ್ಲ. ಬೀದಿಯಲ್ಲಿ ಮಕ್ಕಳು ಪಟಾಕಿ ಹೊಡೆಯುತ್ತಿದ್ದರು, ಒಂದು ಕಿಡಿ ಬಂದು ಬಿದ್ದಿರಬಹುದು. ಚಪ್ಪಲಿ ಹಾಕಿಕೊಳ್ಳುವಾಗ ಮನಸ್ಸಿನಲ್ಲೇ ಒಂದೊಂದನ್ನೂ ಬೇರೆ ಇಟ್ಟುಕೊಂಡೆ: ಇದು ಕಂಡದ್ದು, ಇದು ಕೇಳಿದ್ದು, ಇದು ಗೊತ್ತಿಲ್ಲದ್ದು.

"ಒಂದು ಮಾತು ಹೇಳ್ತೀನಿ ಕೇಳ್ರೀ" ಎಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿತು. "ಇವರು ಗುಡ್ಡೆ ಮಾಡಿದ್ದು ಅಜ್ಜಿ ಹೇಳಿದ್ದಕ್ಕೇ. ಅದು ನಂಗೆ ಕೇಳಿಸ್ತು. ಇವರು ಹೋದಾಗ ಅಲ್ಲಿ ಬೆಂಕಿ ಇರಲಿಲ್ಲ, ನಾನು ನೋಡೀನಿ. ಆಮೇಲೆ ಸಂಜೆವರೆಗೂ ಕಿಟಕಿ ಹತ್ರಾನೇ ಇದ್ದೆ, ಹೊಗೆ ಬರಲಿಲ್ಲ. ಸಂಜೆ ಅಜ್ಜಿ ಬಂದು ಗುಡ್ಡೆ ಮೇಲೆ ದೀಪ ಇಟ್ಟು ಹೋದ್ರು. ಅದಾದ ಮೇಲೆ ನಾನು ಒಳಗೆ ಹೋದೆ. ಬೆಂಕಿ ಹೆಂಗೆ ಹತ್ತಿತು ಅಂತ ನಾನು ಕಂಡಿಲ್ಲ. ದೀಪದಿಂದಾನೋ ಪಟಾಕಿಯಿಂದಾನೋ, ನಂಗೆ ಗೊತ್ತಿಲ್ಲ. ಇವರು ಹಚ್ಚಿಲ್ಲ ಅನ್ನೋದು ಗೊತ್ತು."

 ಹಾಲಿನವರು ನನ್ನನ್ನೇ ನೋಡಿದರು. "ಗುಡ್ಡೆ ಮ್ಯಾಲಾ?" ಎಂದರು. "ನೆಲದ ಮ್ಯಾಲೆ ಅಲ್ಲೇನು?"

"ಗುಡ್ಡೆ ಮೇಲೇ. ರಟ್ಟಿನ ಪೆಟ್ಟಿಗೆ ಮೇಲೆ."

ಸೊಸೆ, "ನೀವೂ ಹಿಂಗಂತೀರಾ ಅಕ್ಕಾ?" ಎಂದಳು. ಅಷ್ಟರಲ್ಲಿ ಅಜ್ಜಿಯೇ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕಿವಿ ಸ್ವಲ್ಪ ಮಂದ, ಜಗಳ ಅರ್ಧ ಕೇಳಿತ್ತು.

"ಏನಂತೆ?"

"ಏನಿಲ್ಲ ಅತ್ತಿ, ಒಳಗೆ ನಡೀರಿ."

ಹಾಲಿನವರು ಅಜ್ಜಿಯ ಹತ್ತಿರ ಹೋಗಿ ಎತ್ತರದ ದನಿಯಲ್ಲಿ, ಆದರೆ ಮೆತ್ತಗೆ ಕೇಳಿದರು, "ಅಜ್ಜಿ, ದೀಪ ಎಲ್ಲಿ ಇಟ್ಟಿದ್ದೆ ನಿನ್ನೆ?"

"ತಿಪ್ಪಿ ಮ್ಯಾಗೆ" ಎಂದರು ಅಜ್ಜಿ. "ಮತ್ತೆಲ್ಲಿ ಇಡ್ತಾರೆ? ನಿಮ್ಮವ್ವನೂ ಅಲ್ಲೇ ಇಡ್ತಿದ್ಲು, ನಿಮಗೆ ಬ್ಯಾರೆ ತಿಪ್ಪಿ ಆಗಾತನಕ. ಯಾಕೋ, ಆರಿಹೋಗಿತ್ತೇನು?"

ಹಾಲಿನವರು ತಿರುಗಿ ಬೂದಿಯ ಕಡೆ ನೋಡಿದರು. ಕರಗಿದ ಪ್ಲಾಸ್ಟಿಕ್ಕು ಕಪ್ಪು ಗಟ್ಟಿಯಾಗಿ ನೆಲಕ್ಕೆ ಅಂಟಿತ್ತು. ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಇಷ್ಟು. ಸಗಣಿಯ ತಿಪ್ಪೆ ಒಳಗೆಲ್ಲ ಹಸಿ. ಅದರ ಮೇಲೆ ಇಟ್ಟ ದೀಪ ಎಣ್ಣೆ ಮುಗಿದ ಮೇಲೆ ತಾನಾಗಿ ಆರುತ್ತದೆ, ಉರುಳಿದರೂ ಅಲ್ಲೇ ನಂದುತ್ತದೆ. ಹಾಗಾಗಿ ತಿಪ್ಪೆಯ ದೀಪವನ್ನು ಕಾಯಬೇಕು ಎಂದು ನಮ್ಮಲ್ಲಿ ಯಾರಿಗೂ ಯಾರೂ ಕಲಿಸಿರಲಿಲ್ಲ. ಅಜ್ಜಿಗೆ ಅವರತ್ತೆ ಕಲಿಸಿರಲಿಲ್ಲ. ನಮ್ಮಮ್ಮ ನನಗೆ ಕಲಿಸಿರಲಿಲ್ಲ. ಅಜ್ಜಿಯ ಜಾಗದಲ್ಲಿ ನಾನಿದ್ದರೂ ಇಟ್ಟು ಒಳಗೆ ಹೋಗುತ್ತಿದ್ದೆ.

ಮೇಸ್ತ್ರಿ ಸ್ವಲ್ಪ ದೂರ ಹೋಗಿ ಫೋನಿನಲ್ಲಿ ಮಾತಾಡಿದ. ಬಂದು, "ಆಯ್ತು, ನಾಳೆ ಬಾ" ಎಂದು ಆಕೆಗೆ ಹೇಳಿದ. ಹಾಲಿನವರಿಗೆ, "ಬಣವೆ ವಿಷ್ಯ ನೀವ್ ನೀವೇ ನೋಡ್ಕಳ್ರಿ ಮತ್ತೆ" ಎಂದು ಹೇಳಿ ಬೈಕು ಹತ್ತಿದ. ಆಕೆ ನನ್ನ ಕಡೆ ನೋಡದೆ ತಿರುವಿನ ಕಡೆಗೆ ನಡೆದುಹೋದಳು.

ಬಣವೆಯ ವಿಷಯ ಬೀದಿಯವರೇ ನೋಡಿಕೊಂಡರು. ಅಜ್ಜಿಯ ಮಗ ತಾಳಗುಂದದ ಕಡೆಯಿಂದ ಒಂದು ಟ್ರ್ಯಾಕ್ಟರ್ ಹುಲ್ಲು ತರಿಸಿ ಹಾಲಿನವರ ಕೊಟ್ಟಿಗೆಯ ಮುಂದೆ ಇಳಿಸಿದರು. ಹಾಲಿನವರು ಬೇಡವೆಂದರು, ಆಮೇಲೆ ತೆಗೆದುಕೊಂಡರು. ಸೊಸೆ ರವಿಕೆಯ ಬಟ್ಟೆಗಳನ್ನು ವಾಪಸು ಕೇಳಿದಳು. ಒಂದಕ್ಕೆ ತೋಳು ಹಚ್ಚುವುದು ಬಾಕಿ ಇತ್ತು. "ಇಷ್ಟು ಮುಗಿಸಿ ಕೊಡ್ತೀನಿ" ಎಂದೆ. "ಬ್ಯಾಡ, ಹಂಗೇ ಕೊಡ್ರಿ" ಎಂದಳು. ಕೊಟ್ಟೆ. ಸೊಸೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೀದಿಯ ಎದುರು ಅತ್ತೆಯ ಹೆಸರು ಬಂದದ್ದು ನನ್ನ ಬಾಯಿಂದ.

ಅಜ್ಜಿ ಮಾತ್ರ ಮೊದಲಿನ ಹಾಗೆಯೇ ಇದ್ದರು. ಒಂದು ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಕೂತರು. "ನೀ ಕಂಡಿದ್ದು ಹೇಳಿದಿ, ತಪ್ಪಿಲ್ಲ ಬಿಡು ತಂಗಿ" ಎಂದರು. ಎದ್ದು ಹೊರಡುವಾಗ, "ಆದ್ರ ದೀಪ ಸುಡಲ್ಲ. ಪಟಾಕಿನೇ ಅದು" ಎಂದರು. ಇರಬಹುದು ಅಜ್ಜಿ ಎಂದೆ. ನಿಜವಾಗಿಯೂ ಇರಬಹುದು. ನನಗೆ ಇಂದಿಗೂ ಗೊತ್ತಿಲ್ಲ.

ಇದಾಗಿ ಕೆಲವು ದಿನಗಳ ನಂತರ, ಗಾಡಿ ಹೇಗೋ ನನಗೆ ಸಿಕ್ಕಿತು. ಬಕೆಟ್ಟು ಹಿಡಿದು ತಿರುವಿಗೆ ಹೋದಾಗ ಆಕೆ ಗಾಡಿಯ ಹಿಂದೆ ನಿಂತಿದ್ದಳು. ಬಕೆಟ್ಟು ತೆಗೆದುಕೊಂಡು, ಬೋರಲು ಹಾಕಿ, ವಾಪಸು ಕೊಡುವಾಗ ಹಿಡಿಯನ್ನು ಬಿಡದೆ ಹಾಗೇ ಹಿಡಿದುಕೊಂಡಳು.

"ಅಕ್ಕಾರೆ, ಒಂದು ಕೇಳ್ತೀನಿ. ಆವತ್ತು ನೀವು ಹೇಳಿದ್ದೇನು?"

"ಕಂಡಿದ್ದು ಹೇಳಿದೆ."

"ಅಜ್ಜಿ ಹೇಳಿದ್ದಕ್ಕೆ ಗುಡ್ಡೆ ಮಾಡಿದ್ಲು, ಅಜ್ಜಿ ದೀಪ ಇಟ್ರು, ಇವಳು ಬೆಂಕಿ ಹಾಕಿಲ್ಲ ಅಂತ. ಹೌದಲ್ರಿ?"

"ಹೌದು."

"ನಾನೂ ಅಷ್ಟೇ ಹೇಳಿದ್ದೆ. ನಿಮಗಿಂತ ಮೊದ್ಲೇ ಹೇಳಿದ್ದೆ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಉಪಕಾರ ಮರೆತ ಮಾತೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಅಷ್ಟೆ.  ಹೌದು ಎಂದು ಮಾತ್ರ ಮತ್ತೆ ಹೇಳಿದೆ. ಆಕೆ ಬಕೆಟ್ಟಿನ ಹಿಡಿ ಬಿಟ್ಟಳು.

ನನ್ನ ಹಿಂದೆ ಹಾಲಿನವರು ಒಂದು ದೊಡ್ಡ ಚೀಲ ಹಿಡಿದು ಬಂದಿದ್ದರು. ನಾವು ಯಾರೂ ಹಸಿ ಕಸ, ಒಣ ಕಸ ಬೇರೆ ಮಾಡುತ್ತಿರಲಿಲ್ಲ. ಹೇಗೆ ಕೊಟ್ಟರೂ ಆಕೆ ತೆಗೆದುಕೊಂಡು, ಗಾಡಿ ಸಾಗುವಾಗ ತಾನೇ ಬೇರೆ ಮಾಡಿಕೊಳ್ಳುತ್ತಿದ್ದಳು. ಆ ದಿನ ಚೀಲದ ಬಾಯಿ ಬಿಚ್ಚಿ ನೋಡಿ ಕೆಳಗಿಟ್ಟಳು.

"ಅಣ್ಣಾರೆ, ಇದು ಹಿಂಗೆ ತಗಳಂಗಿಲ್ಲ. ಬ್ಯಾರೆ ಮಾಡಿ ಕೊಡ್ರಿ."

ಡ್ರೈವರು ಮುಂದಿನಿಂದ, "ಹೋಗ್ಲಿ ಹಾಕ್ಕಳವ್ವ, ಹೊತ್ತಾಗತಿ" ಎಂದ.

"ಹೊತ್ತಾದ್ರೆ ಆಗ್ಲಿ. ನಿಲ್ಸು ಗಾಡಿ."

ಹಾಲಿನವರು ಒಮ್ಮೆ ನನ್ನನ್ನು ನೋಡಿದರು. ನಾನು ಏನಾದರೂ ಹೇಳಲಿ ಎಂದು ಅವರಿಗೆ ಅನಿಸಿತೋ ಏನೋ. ನಾನು ಬಕೆಟ್ಟು ಹಿಡಿದು ಪಕ್ಕಕ್ಕೆ ಸರಿದೆ. ಅವರು ಲುಂಗಿ ಎತ್ತಿ ಕಟ್ಟಿ, ಮುರಿದ ಚಪ್ಪಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಚೀಲವನ್ನು ನೆಲದ ಮೇಲೆ ಸುರಿದರು. ಆಕೆ ಎರಡು ಡಬ್ಬಗಳನ್ನು ಗಾಡಿಯಿಂದ ಇಳಿಸಿ ಅವರ ಮುಂದೆ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಮೊಟ್ಟೆ ಸಿಪ್ಪೆ ಎಲ್ಲಿಗೆ?" ಎಂದು ಅವರು ಕೇಳಿದರು.

"ಹಸೀಗೆ ಹಾಕ್ರಿ" ಎಂದಳು ಆಕೆ.